ಹೊಸ ವಾಷರ್

ಮಂಗಳವಾರ ಬೆಳಿಗ್ಗೆ 11.20ಕ್ಕೆ ಠಾಣೆಗೆ ಬಂದ ಹೆಂಗಸು ಕುರ್ಚಿ ತೋರಿಸಿದರೂ ಕೂರಲಿಲ್ಲ. ಮನೆಮನೆಯ ನೀರಿನ ಮೀಟರ್ ಓದುತ್ತಿದ್ದ ಅವಳ ಗಂಡ ಹಿಂದಿನ ದಿನ ಸೇತುವೆಯ ಇಳಿಜಾರಿನಲ್ಲಿ ಬೈಕಿನಿಂದ ಬಿದ್ದು, ಹಿಂದೆ ಬರುತ್ತಿದ್ದ ಲಾರಿಗೆ ಸಿಕ್ಕಿ ಸತ್ತಿದ್ದ.

"ಶನಿವಾರ ಗೇರ್ ಆಯಿಲ್ ಬದಲಾಯಿಸಿಕೊಂಡು ಬಂದ್ರು. ಸೋಮವಾರ ಹೋಗೇಬಿಟ್ರು. ಆ ಮೆಕ್ಯಾನಿಕ್ ಏನು ಮಾಡಿದ ಅಂತ ನೀವು ಕೇಳ್ಬೇಕು."

"ಯಾವ ಮೆಕ್ಯಾನಿಕ್?"

"ಚಿಕ್ಕ ಮೇಸ್ತ್ರಿ."

ನಿರ್ಲಕ್ಷ್ಯದಿಂದ ಸಾವು ಎಂದು 11.50ಕ್ಕೆ ಎಫ್‌ಐಆರ್ ದಾಖಲಾಯಿತು. ಮಧ್ಯಾಹ್ನ ಮೂರಕ್ಕೆ ಠಾಣೆಯ ಅಂಗಳದಲ್ಲಿ ಪಂಚರ ಎದುರು ವಾಹನ ತಪಾಸಣಾಧಿಕಾರಿ ಬೈಕನ್ನು ಬಿಚ್ಚಿದರು. ಅದು ಹಳೆಯ ಟೂ-ಸ್ಟ್ರೋಕ್ ಗಾಡಿ, ಗೇರ್‌ಬಾಕ್ಸಿಗೆ ಪ್ರತ್ಯೇಕ ಎಣ್ಣೆ. ತಳದಲ್ಲಿರುವ ಡ್ರೈನ್ ಪ್ಲಗ್ ಬಿಚ್ಚಿ ಹಳೆಯದನ್ನು ಇಳಿಸಬೇಕು, ಸೋರದಂತೆ ವಾಷರ್ ಎಂಬ ತೆಳು ಬಳೆ ಕೂರಿಸಿ ಪ್ಲಗ್ ಬಿಗಿದು, ಮೇಲಿನಿಂದ ಹೊಸದನ್ನು ಸುರಿಯಬೇಕು. ಕೆಳಗಿಟ್ಟ ತಟ್ಟೆಗೆ ಬಿದ್ದದ್ದು ಎರಡೇ ಹನಿ. ಒಳಗೆ ಗೇರುಗಳು ಕಾದು ನೀಲಿಗಟ್ಟಿ ಒಂದಕ್ಕೊಂದು ಕಚ್ಚಿಕೊಂಡಿದ್ದವು. ಹಿಂದಿನ ಚಕ್ರ ಅಲ್ಲಿಗೇ ನಿಂತುಬಿಟ್ಟಿತ್ತು.

"ಎಣ್ಣೆ ಸೋರಿ ಹೋಯ್ತಾ?" ಇನ್‌ಸ್ಪೆಕ್ಟರ್ ಕೇಳಿದ.

"ಸೋರಿದ್ರೆ ಕೆಳಗೆಲ್ಲ ಜಿಡ್ಡು ಇರ್ತಿತ್ತು. ಪ್ಲಗ್ ಗಟ್ಟಿಯಾಗೇ ಇದೆ. ಒಂದೋ ಹಾಕೋದನ್ನೇ ಮರೆತಿದ್ದಾನೆ, ಇಲ್ಲಾ ಯಾರೋ ಇಳಿಸಿ ಮತ್ತೆ ಬಿಗಿದಿದ್ದಾರೆ."

ಮೊದಲನೆಯದೇ ಇರಬೇಕೆಂದು ಎಲ್ಲರಿಗೂ ಅನ್ನಿಸಿತು. ಸುಲಭವಾದದ್ದನ್ನು ನಂಬಲು ಪೊಲೀಸರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಹೆಡ್ ಕಾನ್‌ಸ್ಟೇಬಲ್ ಪಂಚನಾಮೆಯಲ್ಲಿ ಬರೆದ: ಡ್ರೈನ್ ಪ್ಲಗ್ ಒಂದು, ತಾಮ್ರದ ವಾಷರ್ ಒಂದು, ಹೊಸದು.

ಬುಧವಾರ 10.15ಕ್ಕೆ ಚಿಕ್ಕ ಮೇಸ್ತ್ರಿಯನ್ನು ಕೂರಿಸಿದರು. ಮೂವತ್ತರ ಆಸುಪಾಸು, ಉಗುರಿನ ಸಂದಿಯಲ್ಲಿ ಕಪ್ಪು. ತಪ್ಪು ಸಾಬೀತಾದರೆ ಜೈಲು, ಹೊರಬಂದರೂ ಅವನ ಕೈಗೆ ಮತ್ತೆ ಯಾರೂ ಗಾಡಿ ಕೊಡುವುದಿಲ್ಲ. ಅದು ಅವನಿಗೂ ಗೊತ್ತಿತ್ತು.

"ಎಣ್ಣೆ ಹಾಕಿದ್ಯಾ?"

"ಹಾಕಿದ್ದೆ ಸಾರ್. ಅವರೆದುರಿಗೇ ಹಾಕ್ದೆ. ಆಮೇಲೆ ಕೆಲಸಕ್ಕೆ ಹೋಗಿ, ನಾಲ್ಕಕ್ಕೆ ಬಂದು ಗಾಡಿ ತಗೊಂಡ್ರು."

ಆ ಸಾಕ್ಷಿ ಈಗ ಶವಾಗಾರದಲ್ಲಿದ್ದ.

"ವಾಷರ್ ಮಾತ್ರ ಹೊಸದು ಹಾಕಿದೀಯ, ಎಣ್ಣೆ ಮರೆತೆ. ಅಲ್ವಾ?"

ಅವನು ತಲೆ ಎತ್ತಿದ. "ಹೊಸ ವಾಷರ್ ಹಾಕಿಲ್ಲ ಸಾರ್."

"ಏನು?"

"ಹೊಸದು ಹಾಕ್ದೆ ಅಂತ ಅವರಿಗೆ ಸುಳ್ಳು ಹೇಳ್ದೆ. ಹಳೇದನ್ನೇ ಮಗುಚಿ ಹಾಕ್ದೆ. ಯಾವಾಗ್ಲೂ ಹಾಗೇ ಮಾಡೋದು. ಬೇಕಾದ್ರೆ ಹುಡುಕಿ, ನನ್ನ ಅಂಗಡೀಲಿ ಒಂದೂ ಹೊಸ ವಾಷರ್ ಸಿಗಲ್ಲ."

"ಭೇಷ್, ದೊಡ್ಡ ಸತ್ಯಸಂಧ," ಎಂದು ಹೆಡ್ ಕಾನ್‌ಸ್ಟೇಬಲ್ ನಕ್ಕ. ಇನ್‌ಸ್ಪೆಕ್ಟರ್ ನಗಲಿಲ್ಲ. ತಪ್ಪಿಸಿಕೊಳ್ಳಲು ಸುಳ್ಳು ಹೇಳುವವರನ್ನು ದಿನಾ ನೋಡುತ್ತಿದ್ದ ಅವನಿಗೆ, ತನ್ನ ಮೋಸವನ್ನೇ ಜಾಮೀನಾಗಿ ಕೊಡುವ ಆರೋಪಿ ಸಿಕ್ಕಿದ್ದು ಇದೇ ಮೊದಲು.

12.30ಕ್ಕೆ ಅಂಗಡಿ ಹುಡುಕಿದರು. ಹಳೆಯ, ಚಪ್ಪಟೆಯಾದ ವಾಷರುಗಳು ಒಂದು ಡಬ್ಬಿಯ ತುಂಬ ಇದ್ದವು. ಹೊಸದು ಒಂದೂ ಇರಲಿಲ್ಲ. ಪಕ್ಕದ ಟೈಲರ್, ಬಾಯಲ್ಲಿದ್ದ ಗುಂಡುಸೂಜಿ ತೆಗೆದು, ಶನಿವಾರ ಎರಡರಿಂದ ಮೂರರವರೆಗೆ ಚಿಕ್ಕ ಮೇಸ್ತ್ರಿ ಬಾಗಿಲು ಹಾಕಿ ಊಟಕ್ಕೆ ಹೋಗಿದ್ದನೆಂದೂ, ರಿಪೇರಿಯಾದ ಗಾಡಿಗಳು ಹೊರಗೇ ನಿಂತಿದ್ದವೆಂದೂ ಹೇಳಿದ.

"ಆಗ ಆ ಗಾಡೀನ ಯಾರಾದ್ರೂ ಮುಟ್ಟಿದ್ರಾ?"

"ಯಾರೂ ಇಲ್ಲ ಸಾರ್."

"ಯಾರೂ?"

"ದೊಡ್ಡ ಮೇಸ್ತ್ರಿ ಬಗ್ಗಿ ಏನೋ ನೋಡ್ತಿದ್ರು. ಅವನಣ್ಣನೇ ಅಲ್ವಾ? ಮೆಕ್ಯಾನಿಕ್ ಗಾಡಿ ಕೆಳಗೆ ಬಗ್ಗದೆ ಇನ್ನೆಲ್ಲಿ ಬಗ್ತಾನೆ?"

ಅಣ್ಣನ ಅಂಗಡಿ ರಸ್ತೆಯ ಆಚೆ ಬದಿಗೇ ಇತ್ತು. ಒಳಗೆ ಪ್ರತಿ ಸ್ಪ್ಯಾನರಿಗೂ ಒಂದು ಮೊಳೆ, ನೆಲ ಒರೆಸಿಟ್ಟಂತೆ ಶುಭ್ರ. ಹೊಸ ತಾಮ್ರದ ವಾಷರುಗಳನ್ನು ಅಳತೆಯ ಪ್ರಕಾರ ತಂತಿಗೆ ಪೋಣಿಸಿ ನೇತುಹಾಕಿದ್ದ. ಕಪಾಟಿನಲ್ಲಿ ಒಂದು ಡಬ್ಬಿಯಲ್ಲಿ ಕೆಂಪು ಗೇರ್ ಆಯಿಲ್ ಇತ್ತು. ಅದು ತಮ್ಮನ ಅಂಗಡಿಯಲ್ಲಿ ಕಂಡ ಬಣ್ಣ, ಇವನ ಉಳಿದ ಡಬ್ಬಿಗಳಲ್ಲೆಲ್ಲ ಹಳದಿ.

"ಇದು ಎಲ್ಲಿಂದ ಬಂತು?"

ಐವತ್ತು ದಾಟಿದ ಆ ಮನುಷ್ಯ ಕೈಯಲ್ಲಿದ್ದ ಬಟ್ಟೆಯನ್ನು ಮಡಚಿಟ್ಟ. "ಒಳ್ಳೇ ಎಣ್ಣೆ ಸಾರ್. ಚೆಲ್ಲೋಕೆ ಮನಸ್ಸು ಬರ್ಲಿಲ್ಲ."

"ವಾಷರ್ ಯಾಕೆ ಬದಲಾಯಿಸಿದೆ?"

"ಹಳೇ ವಾಷರ್ ಹಾಕಿ ಪ್ಲಗ್ ಬಿಗಿಯೋಕೆ ನನ್ನ ಕೈ ಬರಲ್ಲ."

ಹುಟ್ಟುಗುಣ ಸುಟ್ಟರೂ ಹೋಗದು ಅನ್ನುತ್ತಾರೆ. ಕೆಡುಕು ಮಾಡಲು ಬಗ್ಗಿದಾಗಲೂ ಅವನು ಕೆಲಸವನ್ನು ಅಚ್ಚುಕಟ್ಟಾಗಿಯೇ ಮಾಡಿದ್ದ. ಆ ಅಚ್ಚುಕಟ್ಟು ಅವನನ್ನು ಹಿಡಿದುಕೊಟ್ಟಿತ್ತು, ತಮ್ಮನ ಕಳ್ಳಗೆಲಸ ತಮ್ಮನನ್ನು ಉಳಿಸಿತ್ತು. ಇದರಲ್ಲಿ ನೀತಿ ಹುಡುಕುವವರು ಹುಡುಕಲಿ. 4.40ಕ್ಕೆ ದಸ್ತಗಿರಿಯಾಯಿತು.

ಠಾಣೆಯಲ್ಲಿ ಅವನು ಏನನ್ನೂ ಮುಚ್ಚಿಡಲಿಲ್ಲ.

"ತಮ್ಮ ಒಂಬತ್ತು ವರ್ಷದವನಿದ್ದಾಗ ಅಪ್ಪ ಹೋದ್ರು. ಅವನ ಕೈಗೆ ಸ್ಪ್ಯಾನರ್ ಕೊಟ್ಟೋನು ನಾನು. ಎದುರಿಗೇ ಅಂಗಡಿ ಹಾಕ್ದ, ಸುಮ್ಮನಿದ್ದೆ. ಗಿರಾಕಿಗಳು ಹೋದ್ರು, ಅದಕ್ಕೂ ಸುಮ್ಮನಿದ್ದೆ. ಶನಿವಾರ ಆ ಮೀಟರಿನವರು ಅವನ ಅಂಗಡಿಗೆ ಬಂದು, ನಿಮ್ಮಣ್ಣ ನಿಂಗೆ ಕೆಲಸ ಚೆನ್ನಾಗಿ ಕಲಿಸಿದಾನೆ ಕಣಪ್ಪ ಅಂದ್ರು. ಇವನು, ಅಣ್ಣ ಏನೂ ಕಲಿಸ್ಲಿಲ್ಲ, ಎಲ್ಲಾ ನಾನೇ ಕಲಿತಿದ್ದು ಅಂದ. ರಸ್ತೆ ಈ ಕಡೆಗೂ ಕೇಳಿಸ್ತು."

"ಅದಕ್ಕೆ ಒಂದು ಜೀವ ತೆಗೆದ್ಯಾ?"

"ಸಾಯ್ತಾರೆ ಅಂದ್ಕೊಳ್ಲಿಲ್ಲ ಸಾರ್. ಎಣ್ಣೆ ಇಲ್ದಿದ್ರೆ ಗೇರು ಕಿರುಚುತ್ತೆ. ಸದ್ದು ಕೇಳಿ ತಿರುಗಿ ಬರ್ತಾರೆ, ನಾಲ್ಕು ಜನರೆದುರು ತಮ್ಮನಿಗೆ ಉಗೀತಾರೆ, ಅಷ್ಟೇ ಅಂದ್ಕೊಂಡೆ."

ಇನ್‌ಸ್ಪೆಕ್ಟರ್ ಕುರ್ಚಿಯನ್ನು ಮುಂದಕ್ಕೆ ಎಳೆದುಕೊಂಡ. "ನಿನ್ನ ತಮ್ಮ ಆ ಮಾತನ್ನ ರಸ್ತೆ ಆಚೆಗೆ ಕೇಳೋ ಹಾಗೆ ಯಾಕೆ ಕೂಗಿ ಹೇಳ್ದ?"

"ಅವರ ಹತ್ರ ಕೂಗೇ ಮಾತಾಡ್ಬೇಕು ಸಾರ್. ಹನ್ನೊಂದು ವರ್ಷ ನನ್ನ ಗಿರಾಕಿ. ಕಿವಿ..."

ಹೆಡ್ ಕಾನ್‌ಸ್ಟೇಬಲ್ ಬರೆಯುವುದನ್ನು ನಿಲ್ಲಿಸಿ ಅವನ ಮುಖ ನೋಡಿದ.

"ಕಿವಿ ಕೇಳಲ್ಲ ಅವರಿಗೆ," ಎಂದ ದೊಡ್ಡ ಮೇಸ್ತ್ರಿ. "ಆವತ್ತು ಅವರ ನೆನಪೇ ಬರ್ಲಿಲ್ಲ ಸಾರ್. ತಮ್ಮ ಒಬ್ಬನೇ ಕಣ್ಣಿಗೆ ಬಿದ್ದ."

ಗುರುವಾರ ಬೆಳಿಗ್ಗೆ ಮೀಟರಿನವನ ಹೆಂಡತಿಯನ್ನು ಕರೆಸಿ ವಿಷಯ ತಿಳಿಸಿದರು. ಈ ಸಲ ಅವಳು ಕುರ್ಚಿಯಲ್ಲಿ ಕೂತಳು.

"ನಮ್ಮವರ ಮೇಲೆ ಅವನಿಗೇನು ದ್ವೇಷವಿತ್ತು?"

ಸುಳ್ಳು ಹೇಳಬಹುದಿತ್ತು. ಹಳೆಯ ಜಗಳವೊಂದನ್ನು ಕಟ್ಟಿ ಹೇಳಿದ್ದರೆ ಅವಳಿಗೆ ಕೋಪಿಸಿಕೊಳ್ಳಲು ಏನಾದರೂ ಸಿಗುತ್ತಿತ್ತು. ಇನ್‌ಸ್ಪೆಕ್ಟರಿಗೆ ಅದು ಸಾಧ್ಯವಾಗಲಿಲ್ಲ.

"ದ್ವೇಷ ಇರ್ಲಿಲ್ಲಮ್ಮ," ಎಂದ. "ನಿಮ್ಮವರು ಅವನ ಲೆಕ್ಕದಲ್ಲೇ ಇರ್ಲಿಲ್ಲ."