ಹೊಸ್ತಿಲು ಇಟ್ಟುಕೊಂಡ ಮಾತು

“ಚರ್ಚು ನೋಡಾಕ ಹೋಗ್ರಿ, ಚಲೋ ಐತಿ. ಹೊಂಡೂ ಮುಂದ ಮಾತ್ರ ‘ಬರ್ತೀನಿ’ ಅನಬ್ಯಾಡ್ರಿ,” ಎಂದರು ಪಕ್ಕದ ಮನೆಯ ವತ್ಸಲಾಬಾಯಿ.

“ಮತ್ತ ‘ಹೋಗ್ತೀನಿ’ ಅನ್ಲೇನ್ರಿ ವೈನಿ? ನಮ್ಮವ್ವ ಕೇಳಿದ್ರ ಬಾಯಿಗೆ ಬರೆ ಹಾಕ್ತಾಳ.” ಚಾರುಲತಾ ನಕ್ಕಳು. ಗಂಡ ರಘುನಂದನನಿಗೆ ಬ್ಯಾಂಕಿನಲ್ಲಿ ವರ್ಗವಾಗಿ, ಇಬ್ಬರೂ ಧಾರವಾಡದಿಂದ ನಾಗಪುರಕ್ಕೆ ಬಂದು ತಿಂಗಳಾಗಿತ್ತಷ್ಟೆ.

ವತ್ಸಲಾಬಾಯಿ ನಗಲಿಲ್ಲ. “ದೊರೆಗಳ ಕಾಲದಾಗ ನಮ್ಮ ಕಡೆ ಸಿಪಾಯಿ ಒಬ್ಬಾಂವ ಅಲ್ಲೇ ಬಾಗ್ಲಾಗ ಹೇಣ್ತಿಗೆ ‘ಬರ್ತೀನಿ’ ಅಂದು ಹೋದ. ಬರಲಿಲ್ಲ. ಆಕಿ ಆ ಮಾತಿಗೇ ಮಾಟ ಮಾಡ್ಸಿ ಹೊಸ್ತಿಲ ಬುಡಕ ಹುಗಿಸ್ಯಾಳ. ಅಲ್ಲಿ ಆ ಮಾತು ಯಾರು ಅಂದ್ರೂ ಆಕಿ ಇಟ್ಕೋತಾಳ. ಆಮ್ಯಾಲೆ ನಿಮ್ಮ ಮನ್ಯಾಗ ಆ ಮಾತು ಉಳಿಯೂದಿಲ್ಲ.”

ಗಂಡಹೆಂಡತಿ ಹೋದಾಗ ಚರ್ಚಿದ್ದ ಸದರ್ ಬಡಾವಣೆಯ ರಸ್ತೆ ಬಿಸಿಲಿಗೆ ಕಾದ ಹೆಂಚಾಗಿತ್ತು. ಚರ್ಚಿನೊಳಗೆ ಬಾವಿಯ ತಂಪು. ಚೂಪು ಕಮಾನುಗಳು ಮೇಲೆ ಹೋಗಿ ಕತ್ತಲಲ್ಲಿ ಕೂಡಿದ್ದವು. ಕರಗಿದ ಮೇಣದ, ಬಾವಲಿಯ ವಾಸನೆ. ಚಪ್ಪಲಿಯ ಸಪ್ಪಳವೂ ಕಲ್ಲಿಗೆ ಬಡಿದು ಮರಳುತ್ತಿತ್ತು.

ಹೊರಡುವಾಗ ಚಾರುಲತಾ ಹೊಸ್ತಿಲ ಮೇಲೆ ನಿಂತು ತಿರುಗಿದಳು. “ಬರ್ತೀವವ್ವಾ,” ಎಂದು ಆ ಸಿಪಾಯಿಯ ಹೆಂಡತಿಗೆ ಚೇಷ್ಟೆಯಿಂದ ಕೂಗಿದಳು.

ಆ ಒಂದು ಮಾತು ಮರಳಲಿಲ್ಲ.

ಮರುದಿನ ಬೆಳಿಗ್ಗೆ ರಘುನಂದನ ಸ್ಕೂಟರ್ ಹೊರಗೆ ತಳ್ಳಿದ. “ಹೋಗ್ತೀನಿ, ಚಾರೂ.”

ಅವಳು ಊಟದ ಡಬ್ಬಿ ಕೊಡದೆ ಹಿಡಿದುಕೊಂಡಳು. “ಹಂಗನ್ನಬ್ಯಾಡ್ರಿ. ಬರ್ತೀನಿ ಅನ್ರಿ.” ಹಾಗೆಯೇ ಅಂದೆ ಎಂದುಕೊಂಡಳು. ತನ್ನ ಬಾಯಿಂದ ಬಂದು ಕಿವಿಗೆ ಬಿದ್ದದ್ದು ‘ಹೋಗ್ತೀನಿ ಅನ್ರಿ.’

“ಅದನ್ನೇ ಅಂದೆನಲ್ಲ, ಹುಚ್ಚಿ,” ಎಂದು ಅವನು ನಕ್ಕ. ಅವಳು ಮತ್ತೆ ಬಾಯಿ ತೆರೆದಳು. ನಾಲಿಗೆ ಮೇಣದಂತೆ ಅಂಗುಳಕ್ಕೆ ಅಂಟಿತು. ಸ್ಕೂಟರ್ ತಿರುವು ದಾಟಿತು.

ಸಂಜೆ ಅವನು ಬರಲಿಲ್ಲ. ಬೂತಿನಿಂದ ಫೋನ್ ಮಾಡಿದಳು. “ಸಾಬ್ ಕಬ್ ಕೇ ನಿಕಲ್ ಗಯೇ,” ಎಂದ ಬ್ಯಾಂಕಿನ ಕಾವಲುಗಾರ. ಹೊರಟು ಬಹಳ ಹೊತ್ತಾಗಿದೆ. ಮನೆಗೆ ಬಂದರೆ ಕೂಲರಿನ ಲಾವಂಚದ ಘಮ ಇಲ್ಲ. ಮೇಣದ ವಾಸನೆ. ಆಟೋ ಹಿಡಿದಳು. ಸದರ್. ಗೇಟಿನೊಳಗೆ ಓಡಿದಳು. ಬಾಗಿಲಿಗೆ ಬೀಗ. ಬಡಿದಳು. ಕಿವಿಯಿಟ್ಟಳು.

ಒಳಗೆ ಹೆಜ್ಜೆ. ಬಾಗಿಲ ತನಕ ಬಂತು. ನಿಂತಿತು.

“ಬರ್ತೀನಿ, ಚಾರೂ.”

ಅವನದೇ ದನಿ. ಬಾಗಿಲ ಹಲಗೆಯ ಆಚೆ, ಬೆರಳಿನಷ್ಟು ದೂರ. ಅವಳು ಹೊಸ್ತಿಲ ಮೇಲೇ ಕೂತಳು.

ಕಾವಲಿನವರು ಬಂದು ಏಳಿಸಲು ನೋಡಿದರು. ವತ್ಸಲಾಬಾಯಿ ಬಂದು ಅತ್ತರು. ಚಾರುಲತಾ ಹೊಸ್ತಿಲು ಬಿಟ್ಟು ಏಳಲಿಲ್ಲ. ಬರ್ತೀನಿ ಅಂದಾನಲ್ಲ. ಎದ್ದು ಹೋಗುವುದು ಹೇಗೆ?