ಎಂಟನೇ ತೊಟ್ಟಿಯ ಕಡಲಕುದುರೆ

ದಿನಾಂಕ 17-1-1989, ಮಂಗಳವಾರ. ಬೆಳಗ್ಗೆ 8.15ಕ್ಕೆ ಠಾಣೆಗೆ ಬಂದ ದೂರುದಾರನ ಕೈಯಲ್ಲಿ ಅರ್ಜಿ ಇರಲಿಲ್ಲ, ಪ್ಲಾಸ್ಟಿಕ್ ಬಕೆಟ್ ಇತ್ತು. ಬಕೆಟ್ಟಿನಲ್ಲಿ ನಲವತ್ತೊಂದು ಮೀನು. ಹಳದಿ, ನೀಲಿ, ಪಟ್ಟೆಪಟ್ಟೆ. ಒಂದೂ ಮಿಸುಕುತ್ತಿರಲಿಲ್ಲ.

ಹೆಡ್ ಕಾನ್‌ಸ್ಟೇಬಲ್ ವಜೀರ್ ಇಣುಕಿ ನೋಡಿದ. "ಏನ್ ಅಮಾನುಲ್ಲಾ ಭಾಯಿ, ಠಾಣೆಗೇ ಸಾರಿನ ಸಾಮಾನು ತಂದ್ರಾ?"

ಅಮಾನುಲ್ಲಾ ಅಳತೊಡಗಿದ. ವಜೀರ್ ಬಕೆಟ್ಟಿನ ಮೇಲೆ ಹಳೇ ಪೇಪರ್ ಮುಚ್ಚಿ ಕುರ್ಚಿ ಎಳೆದುಕೊಟ್ಟ.

ಚಿಂತಾಮಣಿಯ ಅಮಾನುಲ್ಲಾ ಶಿಡ್ಲಘಟ್ಟದ ಸಂತೆ ಮೈದಾನದಲ್ಲಿ 'ಸಾಗರ ಲೋಕ' ಎಂಬ ಡೇರೆ ಹಾಕಿ ಹತ್ತು ದಿನವಾಗಿತ್ತು. ಎಂಟು ಗಾಜಿನ ತೊಟ್ಟಿ, ಮದ್ರಾಸಿನಿಂದ ಲಾರಿಯಲ್ಲಿ ಬಂದ ಕಡಲ ನೀರು, ಕಡಲ ಮೀನು. ಸಮುದ್ರವನ್ನು ಕ್ಯಾಲೆಂಡರಿನಲ್ಲಷ್ಟೇ ಕಂಡಿದ್ದ ಊರು ದಿನವೂ ಸಾಲು ನಿಲ್ಲುತ್ತಿತ್ತು. ಬೆಳಗ್ಗೆ ಐದೂವರೆಗೆ ನಮಾಜಿಗೆ ಹೊರಟಾಗ ಮೀನುಗಳು ಆಡುತ್ತಿದ್ದವು. ಏಳಕ್ಕೆ ಮರಳಿದಾಗ ತೇಲುತ್ತಿದ್ದವು. ಯಾರೋ ವಿಷ ಬೆರೆಸಿದ್ದಾರೆ ಎಂಬುದು ಅವನ ದೂರು.

ಪಿಎಸ್‌ಐ ರಾಮಾಂಜಿನಪ್ಪ ಐಪಿಸಿ 429ರ ಅಡಿಯಲ್ಲಿ ಎಫ್‌ಐಆರ್ ದಾಖಲಿಸಲು ಹೇಳಿದರು.

"ಸಾರ್, ಈ ಸೆಕ್ಷನ್‌ನಲ್ಲಿ ಆನೆ, ಒಂಟೆ, ಕುದುರೆ ಅಂತಿದೆ. ಮೀನಿಲ್ಲ," ಎಂದ ವಜೀರ್.

"'ಇತರ ಯಾವುದೇ ಪ್ರಾಣಿ' ಅಂತಾನೂ ಇದೆ. ಬರಿಯಪ್ಪ."

"ಕುದುರೆ ಇದೆ ಸಾಬ್," ಅಮಾನುಲ್ಲಾ ಕಣ್ಣೊರೆಸಿಕೊಂಡ. "ಒಂದೇ ಒಂದು. ಇನ್ನೂ ಜೀವ ಇದೆ. ಬೇಗ ಬನ್ನಿ."

8.50ಕ್ಕೆ ಸ್ಥಳ ತಲುಪಿದರು. ಎಂಟನೇ ತೊಟ್ಟಿಯಲ್ಲಿ ಬೆರಳುದ್ದದ ಕಡಲಕುದುರೆ ಒಂದು ಕಡ್ಡಿಗೆ ಬಾಲ ಸುತ್ತಿಕೊಂಡು ಏದುಸಿರು ಬಿಡುತ್ತಿತ್ತು. ಹೊಟ್ಟೆ ಉಬ್ಬಿತ್ತು.

"ಬಸುರಿ," ಎಂದರು ರಾಮಾಂಜಿನಪ್ಪ.

"ಗಂಡು ಸಾಬ್. ಈ ಜಾತೀಲಿ ಗಂಡೇ ಹೊರೋದು, ಗಂಡೇ ಹೆರೋದು."

"ಸಾರ್, ಈ ವಿಷಯ ನಮ್ಮ ಮನೇಲಿ ಗೊತ್ತಾಗೋದು ಬೇಡ," ಎಂದ ವಜೀರ್.

ಅಮಾನುಲ್ಲಾ ನಗಲಿಲ್ಲ. ಸಿಹಿನೀರಿಗೆ ಬಿಟ್ಟರೆ ಅದು ಸಾಯುತ್ತದೆ. ಹೆಚ್ಚಿಗೆ ತಂದಿದ್ದ ಕಡಲ ನೀರು ಮುಗಿದಿದೆ, ಮುಂದಿನ ಲಾರಿ ಗುರುವಾರ. "ಏನು ಬೆರೆಸಿದಾರೆ ಅಂತ ಗೊತ್ತಾದ್ರೆ ಮುರಿಯೋ ಮದ್ದು ಹಾಕ್ಬೋದು ಸಾಬ್. ಗೊತ್ತಿಲ್ದೆ ಏನ್ ಹಾಕ್ಲಿ? ಸಂಜೆವರೆಗೂ ಇರಲ್ಲ ಇದು."

ಇಬ್ಬರು ಪಂಚರ ಸಮಕ್ಷಮ ಪಂಚನಾಮೆ ನಡೆಯಿತು. ಗಾಜು ಒಡೆದಿಲ್ಲ. ಡೇರೆ ಹರಿದಿಲ್ಲ. ಏಳು ತೊಟ್ಟಿಗಳ ತಳದಲ್ಲಿ ಬೆರಳು ಗಾತ್ರ ಬಿಳಿ ಗಸಿ. ಎಂಟನೆಯದರಲ್ಲಿ ತುಸುವೇ ತುಸು. ಪಕ್ಕದ ಚರಂಡಿಗೆ ಪುರಸಭೆಯವರು ದಿನವೂ ಬ್ಲೀಚಿಂಗ್ ಪುಡಿ ಎರಚುತ್ತಿದ್ದುದರಿಂದ ಮೈದಾನವೆಲ್ಲ ಅದೇ ವಾಸನೆ; ನೀರಿನ ವಾಸನೆ ಬೇರೆಯಾಗಿ ಯಾರ ಮೂಗಿಗೂ ಬೀಳಲಿಲ್ಲ. ಮಾದರಿ ನೀರನ್ನು ಬಾಟಲಿಗೆ ತುಂಬಿ ಅರಗಿನ ಮೊಹರು ಹಾಕಿದರು. ಬೆಂಗಳೂರಿನ ಪ್ರಯೋಗಾಲಯದಿಂದ ವರದಿ ಬರಲು ಕಡಿಮೆಯೆಂದರೆ ಒಂದು ತಿಂಗಳು.

ಕಸ ಗುಡಿಸಿ ಗಾಜು ಒರೆಸುವ ಚಿಕ್ಕವೆಂಕಟಮ್ಮ ರೇಷ್ಮೆ ಹುಳಕ್ಕೆ ಸೊಪ್ಪು ಹಾಕಲು ಊರಿಗೆ ಹೊರಟವಳು ಬಾಗಿಲಲ್ಲಿ ಸಿಕ್ಕಿದಳು. "ವಿಷ ಹಾಕಿದೋರ್ನ ನೋಡ್ದ್ಯಾ?" ಎಂದು ವಜೀರ್ ಕೇಳಿದ. "ಇಲ್ಲ ಸ್ವಾಮಿ," ಎಂದಳು. ಬರೆದುಕೊಂಡು ಕಳಿಸಿದ.

10.30ಕ್ಕೆ ಅನುಮಾನದ ಮೇಲೆ ಮಹಮ್ಮದ್ ಇಸ್ಮಾಯಿಲ್‌ನನ್ನು ಕರೆಸಲಾಯಿತು. ಅದೇ ಮೈದಾನದಲ್ಲಿ ತಿರುಗುವ ತೊಟ್ಟಿಲು ಇಟ್ಟವನು.

"ನಿನ್ನ ತೊಟ್ಟಿಲು ಖಾಲಿ ತಿರುಗ್ತಿತ್ತಂತೆ."

"ಹೌದು ಸಾರ್."

"ಸಿಟ್ಟಿತ್ತಾ?"

"ಇತ್ತು. ಅಮಾನುಲ್ಲಾ ಮೇಲೆ. ಮೀನಿನ ಮೇಲಲ್ಲ. ನಾನೇ ಮೂರು ಸಲ ಟಿಕೆಟ್ ತಗೊಂಡು ನೋಡಿದೀನಿ."

"ಬೆಳಗ್ಗೆ ಐದೂವರೆಯಿಂದ ಏಳು, ಎಲ್ಲಿದ್ದೆ?"

"ಮಸೀದೀಲಿ. ಆಮೇಲೆ ಅಲ್ಲೇ ಎದುರಿಗೆ ಚಾ. ಎರಡು ಕಡೆನೂ ವಜೀರ್ ಭಾಯಿ ಪಕ್ಕದಲ್ಲೇ ಇದ್ರು."

ರಾಮಾಂಜಿನಪ್ಪ ತಿರುಗಿ ನೋಡಿದರು. "ಇದ್ದ ಸಾರ್," ಎಂದ ವಜೀರ್. "ಚಾ ದುಡ್ಡು ನಾನೇ ಕೊಟ್ಟೆ."

11.40ಕ್ಕೆ ಸರ್ಕಲ್ ಸಾಹೇಬರ ಫೋನ್. ನಾಳೆ ದೊಡ್ಡ ಅಧಿಕಾರಿಗಳ ಮನೆಯವರು ಮೀನು ನೋಡಲು ಬರುವವರಿದ್ದರು. ಮೀನಂತೂ ಇಲ್ಲ, ಸಂಜೆಯೊಳಗೆ ಆರೋಪಿಯಾದರೂ ಇರಬೇಕು. ಫೋನ್ ಇಟ್ಟ ಮೇಲೆ ವಜೀರ್ ಗಂಟಲು ದಪ್ಪ ಮಾಡಿಕೊಂಡು, "ಏನ್ರೀ ರಾಮಾಂಜಿನಪ್ಪ, ಯೂನಿಫಾರ್ಮ್ ಹಾಕ್ಕೊಂಡು ಗಾಳ ಹಾಕ್ತಿದೀರಾ?" ಎಂದು ಸಾಹೇಬರ ದನಿಯಲ್ಲೇ ಮಾತಾಡಿದ. ರಾಮಾಂಜಿನಪ್ಪ ಪಂಚನಾಮೆಯನ್ನು ಮತ್ತೆ ಓದುತ್ತಿದ್ದರು.

"ಕೊಲ್ಲೋಕೆ ಬಂದವನು ಏಳು ತೊಟ್ಟಿಗೆ ಹಿಡಿ ಹಿಡಿ ಹಾಕಿ ಎಂಟನೇದಕ್ಕೆ ಯಾಕೆ ಕೈ ಬಿಗಿ ಹಿಡಿದ?"

"ಪುಡಿ ಮುಗಿದಿರ್ಬೇಕು ಸಾರ್."

"ಇಲ್ಲಾಂದ್ರೆ ಆ ಕುದುರೆ ಹೊಟ್ಟೆ ನೋಡಿರ್ಬೇಕು. ದಿನಾ ಹತ್ತಿರದಿಂದ ಗಾಜು ಒರೆಸೋರು ನೋಡ್ತಾರೆ. ಆ ಹೊತ್ತಲ್ಲಿ ಡೇರೆ ಒಳಗೆ ಇರ್ತಿದ್ದೋರು ಯಾರು?"

ವಜೀರ್ ನೋಟ್‌ಬುಕ್ಕಿನಲ್ಲಿ ಬೆಳಗ್ಗೆ ತಾನೇ ಬರೆದ ಚಿಕ್ಕವೆಂಕಟಮ್ಮನ ಹೆಸರನ್ನು ನೋಡಿದ.

ಅವಳ ಹಳ್ಳಿ ಆರು ಮೈಲಿ. ಜೀಪು ಸ್ಟಾರ್ಟ್ ಆಗಲು ಒಂದು ಗಂಟೆ ಹಿಡಿಯಿತು. 2.10ಕ್ಕೆ ತಲುಪಿದಾಗ ಚಿಕ್ಕವೆಂಕಟಮ್ಮ ಹುಳುಮನೆಯ ಬಾಗಿಲಲ್ಲೇ ಪೊಲೀಸರನ್ನು ತಡೆದಳು.

"ಕಾಲಿಗೆ ಈ ಪುಡಿ ಮೆಟ್ಟಿ ಬನ್ನಿ ಸ್ವಾಮಿ. ಹುಳ ಪೊರೆ ಬಿಟ್ಟು ನಾಲ್ಕನೇ ಜ್ವರ ಎದ್ದವೆ. ಊರಿನ ರೋಗ ಒಳಕ್ಕೆ ತರ್ಬೇಡಿ."

ಹೊಸ್ತಿಲಲ್ಲಿ ಬಿಳಿ ಪುಡಿ ಹರಡಿತ್ತು. ರಾಮಾಂಜಿನಪ್ಪ ಬಗ್ಗಿ ಚಿಟಿಕೆ ತೆಗೆದು ಮೂಸಿದರು.

"ಏನಿದು?"

"ಬ್ಲೀಚಿಂಗು, ಸುಣ್ಣ. ಹುಳುಮನೆ ಇರೋರ್ ಮನೇಲೆಲ್ಲಾ ಇರ್ತದೆ."

"ಮೀನಿಗೂ ಹಾಕಿದ್ಯಾ ಅಮ್ಮಾ?"

"ಹಾಕ್ದೆ." ತಡವರಿಸಲೂ ಇಲ್ಲ. "ಆ ಹಳದಿ ಮೀನ್ಗೆ ಮೈಮೇಲೆ ಬಿಳೀ ಚುಕ್ಕಿ ಎದ್ದಿತ್ತು. ನಮ್ ಹುಳಕ್ಕೆ ಬರೋ ಸುಣ್ಣಕಟ್ಟು ರೋಗ. ಒಂದಕ್ಕೆ ತಗುಲಿದ್ರೆ ಮನೆ ಪೂರ್ತಿ ಹೋಗ್ತದೆ. ಹೋದ್ ಬೆಳೆ ನಮ್ದು ಹಂಗೇ ಹೋಯ್ತು. ಅದಕ್ಕೇ ತೊಟ್ಟಿಗೊಂದು ಹಿಡಿ ಹಾಕ್ದೆ."

"ಬೆಳಗ್ಗೆ ಯಾಕೆ ಹೇಳ್ಲಿಲ್ಲ?"

"ವಿಷ ಹಾಕಿದೋರ್ನ ಕೇಳುದ್ರಿ. ನಾನ್ ಹಾಕಿದ್ದು ಔಷಧಿ. ನಾನ್ ಹಾಕೋ ಹೊತ್ಗೆ ರೋಗ ಒಳಕ್ಕಿಳಿದಿತ್ತೇನೋ ಅಂದ್ಕೊಂಡೆ."

"ಎಂಟನೇ ತೊಟ್ಟಿಗೆ?"

"ಅದಕ್ಕೆ ಒಂದು ಚಿಟಿಕೆ. ಬಸುರಿ ಅಲ್ವಾ ನಾಯನಾ, ತಡ್ಕೊಳ್ಳಲ್ಲ."

ಅವಳನ್ನು ಜೀಪಿಗೆ ಹತ್ತಿಸಿಕೊಂಡು 3.20ಕ್ಕೆ ಮೈದಾನಕ್ಕೆ ಬಂದರು. ಬ್ಲೀಚಿಂಗ್ ಎಂಬ ಮಾತು ಕಿವಿಗೆ ಬಿದ್ದದ್ದೇ ಅಮಾನುಲ್ಲಾ, "ಅದನ್ನ ಮುರಿಯೋಕೆ ಹೈಪೋ ಬೇಕು ಸಾಬ್, ಫೋಟೋ ತೊಳೆಯೋರತ್ರ ಇರ್ತದೆ," ಎಂದ. ವಜೀರ್ ಸ್ಟುಡಿಯೋಗೆ ಓಡಿ ಹರಳುಗಳ ಪೊಟ್ಟಣ ತಂದ. ಕರಗಿಸಿ ಸುರಿದರು. ನಾಲ್ವರೂ ಗಾಜಿನ ಮುಂದೆ ಕುಕ್ಕರಗಾಲಲ್ಲಿ ಕೂತರು.

4.05ಕ್ಕೆ ಕಡಲಕುದುರೆಯ ಹೊಟ್ಟೆ ಒಮ್ಮೆ ಅದುರಿತು. ಚೀಲದ ಬಾಯಿಂದ ರೆಪ್ಪೆಕೂದಲಿನಷ್ಟು ಮರಿಗಳು ಹೊಗೆಯಂತೆ ಹೊರಬಂದವು. ನೂರಿದ್ದವೋ ಇನ್ನೂರಿದ್ದವೋ, ಎಣಿಸಲು ಯಾರಿಗೂ ಆಗಲಿಲ್ಲ. ಅಮಾನುಲ್ಲಾ ಆ ದಿನ ಮೊದಲ ಸಲ ನಕ್ಕ. ಅಷ್ಟರಲ್ಲಿ ತಂದೆಯ ಬಾಲ ಕಡ್ಡಿಯಿಂದ ಬಿಚ್ಚಿಕೊಂಡಿತು. ಅದು ಓರೆಯಾಗಿ ತಳಕ್ಕಿಳಿದು ಅಲ್ಲೇ ಉಳಿಯಿತು.

"ಮರಿಗಳು ಬದುಕ್ತವಾ?" ಎಂದರು ರಾಮಾಂಜಿನಪ್ಪ.

"ಇವಕ್ಕೆ ಕಡಲ ನೀರಿನ ಜೀವಂತ ಹುಳ ಬೇಕು ಸಾಬ್. ಕಣ್ಣಿಗೆ ಕಾಣದಷ್ಟು ಸಣ್ಣದು. ಇಲ್ಲೆಲ್ಲಿದೆ? ಲಾರಿ ಬರೋದು ಗುರುವಾರ."

ಚಿಕ್ಕವೆಂಕಟಮ್ಮ ಗಾಜಿಗೆ ಮುಖ ತಾಗಿಸಿದ್ದಳು. "ಇಷ್ಟು ಸಣ್ಣ ಹುಳಾನೂ ಸಾಕಿದೀನಿ. ಎಳೇ ಎಲೆ ಸಣ್ಣಕ್ಕೆ ಹೆಚ್ಚಿ ಹಾಕ್ತೀವಿ. ಇವು ಎಲೆ ತಿಂತವಾ?"

ಅಮಾನುಲ್ಲಾ ಇಲ್ಲವೆಂದು ತಲೆಯಾಡಿಸಿ ರಾಮಾಂಜಿನಪ್ಪನವರ ಕಡೆ ತಿರುಗಿದ.

"ಕೇಸು ವಾಪಸ್ ತಗೊಂಡ್ಬಿಡ್ಲಾ ಸಾಬ್?" ಅಮಾನುಲ್ಲಾ ಮೆಲ್ಲಗೆ ಕೇಳಿದ.

"ಎಫ್‌ಐಆರ್ ಆಗಿದೆ. ಕೋರ್ಟಿಗೂ ಹೋಗಿದೆ. ನನ್ನ ಕೈಲಿಲ್ಲ."

5.10ಕ್ಕೆ ಠಾಣೆಯಲ್ಲಿ ದಸ್ತಗಿರಿ ದಾಖಲಾಯಿತು. ಚಿಕ್ಕವೆಂಕಟಮ್ಮ, 52 ವರ್ಷ, ಕಸುಬು ಹುಳು ಸಾಕಣೆ, ಕೂಲಿ. ಎಡಗೈ ಹೆಬ್ಬೆಟ್ಟು. ಜಾಮೀನು ಸಿಗುವ ಅಪರಾಧ, ಆದರೆ ಜಾಮೀನುದಾರರು ಬೇಕು. ಆರು ಗಂಟೆಗೆ ಹುಳಕ್ಕೆ ಸೊಪ್ಪು ಬೀಳದಿದ್ದರೆ ಆ ಬೆಳೆಯೂ ಹೋಗುತ್ತದೆ ಎಂದು ಅವಳು ಎರಡು ಸಲ ಹೇಳಿದಳು. ಕೊನೆಗೆ ಜಾಮೀನು ಪತ್ರಕ್ಕೆ ಸಹಿ ಹಾಕಿದವನು ದೂರುದಾರ ಅಮಾನುಲ್ಲಾ. ದೂರುದಾರ ಜಾಮೀನು ನಿಲ್ಲಬಾರದೆಂದು ಬರೆದದ್ದು ವಜೀರ್‌ಗೆ ಎಲ್ಲೂ ಸಿಗಲಿಲ್ಲ. ಹುಡುಕಿದ ಎಂದೂ ಹೇಳಲಾಗದು.

ಅವಳು ಬಸ್ಸಿಗೆ ಓಡಿದ ಮೇಲೆ ರಾಮಾಂಜಿನಪ್ಪ ಕೇಸ್ ಡೈರಿ ಎಳೆದುಕೊಂಡರು. ಕೃತ್ಯದ ಉದ್ದೇಶದ ಬಳಿ ಬರೆದು, ಹೊಡೆದು, ಮತ್ತೆ ಬರೆದರು: "ದ್ವೇಷ ಕಂಡುಬಂದಿಲ್ಲ. ತೊಟ್ಟಿಯಲ್ಲಿ ರೋಗ ಕಂಡದ್ದು ಆರೋಪಿ ಒಬ್ಬಳಿಗೇ. ತನ್ನ ಮನೆಯ ಹುಳುಗಳಿಗೆ ಮಾಡುವುದನ್ನೇ ಇವಕ್ಕೂ ಮಾಡಿದ್ದಾಳೆ."