ಆಯಿಯ ಎಡಗೈ

"ಪೀಂ!"

ರೊಟ್ಟಿ ಬಡಿಯುತ್ತಿದ್ದ ಚಂದ್ರವ್ವನ ಎಡಗೈ ಗಾಳಿಯಲ್ಲೇ ನಿಂತಿತು. ಅಡುಗೆಮನೆಯ ಬಾಗಿಲಲ್ಲಿ ಮೊಮ್ಮಗಳು ಸಮೃದ್ಧಿ, ಬಾಯಲ್ಲಿ ಸೀಟಿ.

"ಫೌಲ್! ಆಯಿ, ಎಡಗೈ ಎತ್ತಿದಿ!"

"ಬಲಗೈ ತುಂಬ ಹಿಟ್ಟೈತಿ. ನೊಣ ಓಡಸಿದ್ನೆವ್ವಾ."

"ನೊಣಾ ನಾ ಓಡಸ್ತೀನಿ. ನೀ ಕೈ ಇಳಸು."

ಆಯಿಯ ಎದೆಬಡಿತ ಆಗಾಗ ತಪ್ಪುತ್ತಿತ್ತು. ಖಾನಾಪುರದಿಂದ ಅವಳನ್ನು ಬೆಳಗಾವಿಗೆ ಕರೆತಂದು, ಮೂರು ವಾರದ ಹಿಂದೆ ಎಡಭುಜದ ಹತ್ತಿರ, ಚರ್ಮದ ಕೆಳಗೆ ಪೇಸ್‌ಮೇಕರ್ ಕೂರಿಸಿದ್ದರು. ಬೆಂಕಿಪೊಟ್ಟಣದಷ್ಟೇ ಯಂತ್ರ. ಬಡಿತ ನಿಧಾನವಾದರೆ ಸಣ್ಣ ಕರೆಂಟು ಕೊಟ್ಟು ಹೃದಯವನ್ನು ಎಚ್ಚರಿಸುತ್ತದೆ. ಅದರ ತಂತಿ ಒಳಗೆ ಗಟ್ಟಿಯಾಗುವವರೆಗೆ ಎಡಗೈ ಭುಜಕ್ಕಿಂತ ಮೇಲೆ ಹೋಗಬಾರದು ಎಂದಿದ್ದರು ಡಾಕ್ಟರು.

ಸಮೃದ್ಧಿ ಆ ಮಾತನ್ನು ಬಿಗಿಯಾಗಿ ಹಿಡಿದಳು. ಹಿಟ್ಟಿನ ಡಬ್ಬಿ, ಚಹಾಪುಡಿ, ಬಾಚಣಿಗೆ ಎಲ್ಲ ನೆಲಕ್ಕಿಳಿದವು. ಯಂತ್ರಕ್ಕೆ ಅಯಸ್ಕಾಂತ ಆಗದೆಂದು ಫ್ರಿಜ್ಜಿನ ಮೇಲಿದ್ದ ಮ್ಯಾಗ್ನೆಟ್ ಗಿಳಿ ಅಟ್ಟ ಸೇರಿತು. ಪೂಜೆಯಲ್ಲಿ ಆಯಿ ಎಡಗೈಯಲ್ಲಿ ಲಿಂಗ ಹಿಡಿದು ಎದೆಯ ಮಟ್ಟಕ್ಕೆ ತಂದರೂ "ಪೀಂ!"

"ದೇವರ ಮುಂದೂ ಫೌಲೇನ?" ಎಂದು ನಕ್ಕು ಆಯಿ ಕೈಯನ್ನು ತೊಡೆಯ ಮೇಲೆ ಇಳಿಸಿದ್ದಳು.

ಇವತ್ತು ಚೆಕಪ್. ಡಾಕ್ಟರು 'ಹೂಂ' ಎಂದರೆ ನಾಳೆಯೇ ಊರು. ಆಯಿ ಚೀಲ ಕಟ್ಟಿಟ್ಟಿದ್ದಳು.

"ಮಷೀನ್ ಚಲೋ ಐತ್ರಿ ಆಯಿ. ಕೈ ಎತ್ರಿ, ಭುಜದ ತನಕ," ಎಂದರು ಆಸ್ಪತ್ರೆಯಲ್ಲಿ ಡಾಕ್ಟರು.

ಕೈ ಅರ್ಧಕ್ಕೇ ನಿಂತಿತು. ಆಯಿ ಹಲ್ಲು ಕಚ್ಚಿದಳು.

"ಭುಜ ಹಿಡಕೊಂಡೈತಿ! ಭುಜದ ತನಕ ದಿನಾ ಆಡಸ್ರಿ ಅಂದಿದ್ನೆಲ್ರಿ? ಯಾರ ಬ್ಯಾಡ ಅಂದ್ರು?"

ಸಮೃದ್ಧಿ ಜೇಬಿನಲ್ಲಿದ್ದ ಸೀಟಿಯನ್ನು ಗಟ್ಟಿಯಾಗಿ ಹಿಡಿದಳು.

"ಯಾರೂ ಅಂದಿಲ್ರಿ ಡಾಕ್ಟರ್ರ," ಎಂದಳು ಆಯಿ. "ನಂದ ಆಳಸಿತನ."

"ಹಂಗಾರ ಇನ್ನೂ ಹದಿನೈದು ದಿನ ಇಲ್ಲೇ ಇರ್ರಿ."

ರಿಕ್ಷಾದಲ್ಲಿ ಆಯಿ ಕಣ್ಣು ಮಿಟುಕಿಸಿದಳು. "ಚಲೋನ ಆತು. ನಿನ್ನ ಕೂಡ ಕ್ಯಾರಂ ಆಡೂಣು."

ಟಿಳಕವಾಡಿಯ ಮನೆ ಬರುವವರೆಗೂ ಸಮೃದ್ಧಿ ಆಯಿಯ ಎಡಭುಜವನ್ನೇ ನೋಡುತ್ತಿದ್ದಳು.

ಮರುದಿನ ಆಯಿ ಸ್ನಾನಕ್ಕೆ ಹೋದಾಗ ಅವಳು ಡಬ್ಬಿಯ ಹಿಟ್ಟನ್ನು ಪಾತ್ರೆಗೆ ಸುರಿದು, ಹಗುರಾಗಲೆಂದು ನಾಲ್ಕೇ ಹಿಡಿ ಉಳಿಸಿದಳು. ಅಪ್ಪಿಕೊಂಡರೆ ಆಯಿಯ ಭುಜ ಸರಿಯಾಗಿ ತನ್ನ ಮೂಗಿಗೆ ಬರುತ್ತದೆ. ಮೂಗಿನ ಮಟ್ಟದಲ್ಲಿದ್ದ ಹಲಗೆಯ ಮೇಲೆ ಡಬ್ಬಿ ಇಟ್ಟಳು.

"ಅಯ್ಯ, ಡಬ್ಬಿ ಮ್ಯಾಲೆ ಯಾರ ಇಟ್ರ?"

"ನಂಗೇನ ಗೊತ್ತು?" ಸಮೃದ್ಧಿ ಪುಸ್ತಕದಿಂದ ತಲೆ ಎತ್ತಲಿಲ್ಲ.

ನಾದುತ್ತಿದ್ದ ಆಯಿಯ ಬಲಗೈ ತುಂಬ ಹಿಟ್ಟು. ಎಡಗೈ ಮೆಲ್ಲಗೆ ಎದ್ದಿತು. ನಿಂತಿತು. ಇನ್ನೊಂದಿಷ್ಟು ಎದ್ದು ಡಬ್ಬಿ ಮುಟ್ಟಿತು.

ಸೀಟಿ ಆಗಲೇ ಅಟ್ಟದಲ್ಲಿ, ಗಿಳಿಯ ಪಕ್ಕ ಇತ್ತು.

ನಾಳೆ ಚಹಾಪುಡಿ, ಅಂದುಕೊಂಡಳು ಸಮೃದ್ಧಿ. ನಾಡಿದ್ದು ಬಾಚಣಿಗೆ.